ಹೊರದೇಶದ ದೀರ್ಘಕಾಲದ ಸೇವೆ ಮುಗಿಯುವಾಗ ಕೃತಜ್ಞತೆಯನ್ನು ಯಾರಿಗೆ, ಹೇಗೆ ಸಲ್ಲಿಸಬೇಕು?

ಪ್ರಶ್ನೆ (ಅನುವಾದ ಸೇವೆಯಲ್ಲಿರುವ ಸಹೋದರ)

ಕರ್ತನಲ್ಲಿ ಪ್ರಿಯರಾದ ಎಲ್ಲರಿಗೂ ವಂದನೆಗಳು.

ನಾನೂ ನನ್ನ ಹೆಂಡತಿಯೂ ಸತ್ಯವೇದದ ಅನುವಾದಕ್ಕೆಂದು ಹೊರದೇಶಕ್ಕೆ ಬಂದು 22 ವರ್ಷಗಳಾದವು. ನಾವು ಬಂದಾಗ ಇಲ್ಲಿಯ ಜನರ ಮಾತಿಗೆ ಬರವಣಿಗೆಯೇ ಇರಲಿಲ್ಲ. ಇಂದು ಹೊಸ ಒಡಂಬಡಿಕೆ ಅಚ್ಚಾಗಿ ಮನೆಗಳನ್ನು ಸೇರಿದೆ, ಓದು ಕಲಿಸುವ ಪಾಠಪುಸ್ತಕಗಳಿವೆ, ಹಳೆಯ ಒಡಂಬಡಿಕೆಯ ಕೆಲಸವನ್ನು ಇಲ್ಲಿಯವರೇ ಆದ ನಾಲ್ವರು ಅನುವಾದಕರು ನಮಗಿಂತ ಚೆನ್ನಾಗಿ ನಡೆಸುತ್ತಿದ್ದಾರೆ. ಆದ್ದರಿಂದ ನಾವು ಹೊರಡುವ ಕಾಲ ಬಂದಿದೆ ಎಂದು ನಾವೂ, ಇಲ್ಲಿಯ ಸಭೆಯ ಹಿರಿಯರೂ, ನಮ್ಮನ್ನು ಕಳುಹಿಸಿದ ಸಂಸ್ಥೆಯೂ ಒಮ್ಮತದಿಂದ ತೀರ್ಮಾನಿಸಿದ್ದೇವೆ. ಇನ್ನು ಮೂರು ತಿಂಗಳು ಉಳಿದಿವೆ.

ನಮಗಾಗಿ ಪ್ರಾರ್ಥಿಸುವವರಿಗೂ ಕಾಣಿಕೆ ಕೊಡುವವರಿಗೂ ಕಳುಹಿಸುವ ಪ್ರಾರ್ಥನಾ ಪತ್ರಗಳಲ್ಲಿ ಕೊನೆಯದನ್ನು ಬರೆಯಲು ಕುಳಿತು ಆರು ಸಲ ಹರಿದುಹಾಕಿದ್ದೇನೆ. ಆದದ್ದನ್ನೆಲ್ಲ ಬರೆದರೆ ಅದು ನಮ್ಮ ಸಾಧನೆಯ ಪಟ್ಟಿಯಾಗುತ್ತದೆ. ಆಗದೆ ಹೋದದ್ದನ್ನು ಬರೆದರೆ ಪ್ರಾರ್ಥಿಸಿದವರ ಮನಸ್ಸು ಕುಗ್ಗೀತೆಂಬ ಅಳುಕು. ನಾವು ಆರಂಭಿಸಿದ ಒಂದು ಓದುಶಾಲೆ ಮುಚ್ಚಿಹೋಯಿತು. ನಾವು ಬಹಳ ಆಸೆಯಿಟ್ಟಿದ್ದ ಒಂದು ಸಣ್ಣ ಸಭೆ ಒಡೆದುಹೋಯಿತು. 11 ವರ್ಷಗಳ ಹಿಂದೆ ನನ್ನೊಡನೆ ಮಾತಿಗೆ ಮಾತು ಬೆಳೆದು ಕೆಲಸ ಬಿಟ್ಟುಹೋದ ಒಬ್ಬ ಸಹೋದ್ಯೋಗಿ ಇಂದಿಗೂ ದೂರವೇ ಉಳಿದಿದ್ದಾರೆ. ಇವೆಲ್ಲವನ್ನೂ ಒಳಗೊಂಡ 22 ವರ್ಷಗಳಿಗಾಗಿ ಸ್ತೋತ್ರ ಸಲ್ಲಿಸುವುದು ಹೇಗೆ?

ಇನ್ನೊಂದು ಮಾತು. ಪೆಟ್ಟಿಗೆ ಕಟ್ಟುವಾಗ ನನ್ನ ಮೊದಲ ನೋಟ್‌ಬುಕ್ ಸಿಕ್ಕಿತು. ಅದರ ಒಂದು ಪುಟದಲ್ಲಿ ಒಂದೇ ಪದವನ್ನು 14 ಸಾಲುಗಳಲ್ಲಿ ಬರೆದಿದ್ದೇನೆ, 13 ಸಾಲುಗಳ ಮೇಲೆ ಗೆರೆ ಎಳೆದಿದ್ದೇನೆ. ಆ ಪದ 'ಕ್ಷಮಿಸು'. ಸ್ವರ ಸ್ವಲ್ಪ ಇಳಿದರೆ ಅದರ ಅರ್ಥ 'ಮರೆತುಬಿಡು' ಎಂದಾಗುತ್ತದೆ. ನನಗೆ ಭಾಷೆ ಕಲಿಸಿದ ಹಿರಿಯರು ಅಕ್ಷರ ಬಲ್ಲವರಲ್ಲ. ಕಣ್ಣು ಮುಚ್ಚಿ ನನ್ನ ಉಚ್ಚಾರಣೆಯನ್ನು ಕೇಳುತ್ತಿದ್ದರು, ತಪ್ಪಾದಾಗಲೆಲ್ಲ ಬೆರಳಿನಿಂದ ಒಮ್ಮೆ ನೆಲ ತಟ್ಟುತ್ತಿದ್ದರು, ನಾನು ಗೆರೆ ಎಳೆದು ಮತ್ತೆ ಬರೆಯುತ್ತಿದ್ದೆ. ಹದಿನಾಲ್ಕನೆಯ ಸಲ ಅವರು ತಟ್ಟಲಿಲ್ಲ. ಅಚ್ಚಾದ ಹೊಸ ಒಡಂಬಡಿಕೆಯಲ್ಲಿ ಇಂದು ಇರುವುದು ಆ ಹದಿನಾಲ್ಕನೆಯ ಸಾಲಿನ ಪದವೇ. ಪುಸ್ತಕ ಬರುವ ಮೊದಲೇ ಅವರು ತೀರಿಕೊಂಡರು. ಅವರ ಋಣವನ್ನು ನಾನು ಎಲ್ಲಿ ಸಲ್ಲಿಸಲಿ?

ಈ ದಾರಿಯಲ್ಲಿ ನಡೆದವರು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 1 (ಹೊರದೇಶದ ಆಸ್ಪತ್ರೆಯಲ್ಲಿ ದಾದಿಯಾಗಿದ್ದವರು)

ಸಹೋದರರೇ, ನಿಮ್ಮ ಪ್ರಶ್ನೆಯನ್ನು ಓದಿ ನನಗೆ ನನ್ನ ಬೀಳ್ಕೊಡುಗೆಯ ದಿನ ನೆನಪಾಯಿತು. ನಾನು ಮಾಡಿದ ತಪ್ಪನ್ನು ನೀವು ಮಾಡಬಾರದೆಂದು ಬರೆಯುತ್ತಿದ್ದೇನೆ.

ನಾನು ಒಂದು ಮಿಷನ್ ಆಸ್ಪತ್ರೆಯಲ್ಲಿ 17 ವರ್ಷ ದಾದಿಯಾಗಿದ್ದೆ. ಹೊರಡುವ ಹಿಂದಿನ ದಿನದ ಕೂಟದಲ್ಲಿ ಕಾಣಿಕೆ ಕೊಟ್ಟವರಿಗೆ, ಆಡಳಿತ ಮಂಡಳಿಯವರಿಗೆ, ವೈದ್ಯರಿಗೆ, ಸಭಾಪಾಲಕರಿಗೆ ಹೆಸರು ಹಿಡಿದು ವಂದನೆ ಹೇಳಿದೆ. ರಾತ್ರಿ ಪಾಳಿಯಲ್ಲಿ ಹೆರಿಗೆಯ ನೋವಿನಲ್ಲಿದ್ದ ಹೆಂಗಸರ ಮಾತನ್ನು ನನಗೆ ತಿಳಿಸುತ್ತಾ, ನನ್ನ ಮಾತನ್ನು ಅವರಿಗೆ ತಿಳಿಸುತ್ತಾ, 14 ವರ್ಷ ನನ್ನ ಪಕ್ಕದಲ್ಲೇ ನಿಂತಿದ್ದ ಅಕ್ಕ ಎರಡನೆಯ ಸಾಲಿನಲ್ಲಿ ಕುಳಿತಿದ್ದರು. ಅವರ ಹೆಸರು ನನ್ನ ಬಾಯಿಗೆ ಬರಲಿಲ್ಲ. ವಿಮಾನದಲ್ಲಿ ಕುಳಿತು ಬೆಲ್ಟ್ ಹಾಕಿಕೊಳ್ಳುವಾಗ ಅದು ಥಟ್ಟನೆ ಹೊಳೆಯಿತು. ಊರು ಮುಟ್ಟಿದ ದಿನವೇ ಪತ್ರ ಬರೆದೆ. ಅವರು ಮತ್ತೊಬ್ಬರ ಕೈಯಲ್ಲಿ ಬರೆಸಿದ ಉತ್ತರ ಬಂತು: ನೀವು ನನ್ನನ್ನು ಮನೆಯವಳೆಂದು ಎಣಿಸಿದ್ದೀರಿ, ಆದ್ದರಿಂದ ಹೇಳಲಿಲ್ಲ ಎಂದುಕೊಂಡೆ. ಆ ಮಾತಿನಲ್ಲಿ ದೂರಿನ ಎಳೆಯೂ ಇರಲಿಲ್ಲ, ಅದಕ್ಕೇ ನನಗೆ ಹೆಚ್ಚು ನೋವಾಯಿತು. ಮರುವರ್ಷ ಅವರು ತೀರಿಕೊಂಡರು.

ನಮ್ಮಂಥವರಿಗೆ ಕೃತಜ್ಞತೆ ಅಭ್ಯಾಸವಾಗಿಯೇ ಕೊಟ್ಟವರ ಕಡೆಗೆ ಹರಿಯುತ್ತದೆ, ಏಕೆಂದರೆ ತಿಂಗಳುಗಟ್ಟಲೆ ಅವರಿಗೇ ಪತ್ರ ಬರೆದಿರುತ್ತೇವೆ. ನಮ್ಮನ್ನು ಬರಮಾಡಿಕೊಂಡವರ ಉಪಕಾರ ಯಾವ ಲೆಕ್ಕದ ಪುಸ್ತಕದಲ್ಲೂ ಇರುವುದಿಲ್ಲ. ಪೌಲನು ರೋಮಾಪುರದವರಿಗೆ ಬರೆದ ಪತ್ರದ 16ನೆಯ ಅಧ್ಯಾಯವನ್ನು ಬರೀ ಹೆಸರುಗಳೆಂದು ನಾವು ಬೇಗ ದಾಟಿಬಿಡುತ್ತೇವೆ. ದಯಮಾಡಿ ಅದನ್ನು ನಿಧಾನವಾಗಿ ಓದಿರಿ. ತನ್ನ ಪ್ರಾಣಕ್ಕಾಗಿ ತಮ್ಮ ಕುತ್ತಿಗೆಯನ್ನೇ ಒಡ್ಡಿದ ಪ್ರಿಸ್ಕಳೂ ಅಕ್ವಿಲನೂ ಅಲ್ಲಿದ್ದಾರೆ. ತನಗೂ ತಾಯಿಯಂತಿದ್ದ ರೂಫನ ತಾಯಿ ಇದ್ದಾಳೆ. ಪತ್ರವನ್ನು ಬರೆದುಕೊಂಡ ತೆರ್ತ್ಯನು ನಡುವೆ ತಾನೇ ವಂದನೆ ಹೇಳಿಕೊಳ್ಳುತ್ತಾನೆ. ಪೌಲನು ಅನೇಕರಿಗೆ ಅವರವರು ಮಾಡಿದ್ದನ್ನೇ ಹೆಸರಿಸಿ ಹೇಳಿದ್ದಾನೆ. 'ನಿಮ್ಮೆಲ್ಲರಿಗೂ ಧನ್ಯವಾದ' ಎಂಬ ಮಾತು ಯಾರ ಎದೆಗೂ ತಟ್ಟುವುದಿಲ್ಲ. 'ಆ ರಾತ್ರಿ ಲಾಂದ್ರ ಹಿಡಿದುಕೊಂಡು ನೀವು ಬಂದಿರಿ' ಎಂದರೆ ತಟ್ಟುತ್ತದೆ.

ಹೊರಡುವವರಿಗೆ ತರಬೇತಿ ಕೊಡುವವರು ಡೇವಿಡ್ ಪೊಲಾಕ್ ಎಂಬವರು ಕೊಟ್ಟ ನಾಲ್ಕು ಹೆಜ್ಜೆಗಳನ್ನು ಹೇಳುತ್ತಾರೆ. ಇಂಗ್ಲಿಷಿನ ನಾಲ್ಕು ಮೊದಲಕ್ಷರಗಳನ್ನು ಕೂಡಿಸಿದರೆ 'ರಾಫ್ಟ್', ಅಂದರೆ ತೆಪ್ಪ, ಎಂದಾಗುತ್ತದೆ. ಮೊದಲು ಮುರಿದ ಸಂಬಂಧವನ್ನು ಸರಿಪಡಿಸಿಕೊಳ್ಳುವುದು, ಆಮೇಲೆ ಒಬ್ಬೊಬ್ಬರಿಗೂ ಅವರ ಬೆಲೆಯನ್ನು ತಿಳಿಸುವುದು, ಆಮೇಲೆ ಜನರಿಗೂ ಸ್ಥಳಗಳಿಗೂ ವಿದಾಯ ಹೇಳುವುದು, ಕೊನೆಗೆ ಹೋಗಲಿರುವ ಜಾಗದ ಯೋಚನೆ. ಈ ಕ್ರಮದಲ್ಲಿ ಕ್ಷಮೆ ವಂದನೆಗಿಂತ ಮೊದಲು ಬರುತ್ತದೆ ಎಂಬುದನ್ನು ಗಮನಿಸಿರಿ. 11 ವರ್ಷಗಳಿಂದ ದೂರವಿರುವ ಆ ಸಹೋದರರ ವಿಷಯವನ್ನು ನೀವು ಪ್ರಶ್ನೆಯೊಳಗೇ ತಂದಿದ್ದೀರಿ. ಪ್ರಾರ್ಥನಾ ಪತ್ರಕ್ಕಿಂತ ಮೊದಲು ಬರೆಯಬೇಕಾದ ಪತ್ರ ಅವರಿಗೇ ಎಂದು ನನಗೆ ಅನಿಸುತ್ತದೆ. ಅವರು ಉತ್ತರ ಕೊಡದಿರಬಹುದು. ಆದರೂ ಬರೆಯಿರಿ, ಮತ್ತು ಅದರಲ್ಲಿ ನಿಮ್ಮ ಪಕ್ಷವನ್ನು ವಿವರಿಸಬೇಡಿರಿ.

ಮಕ್ಕಳಿದ್ದರೆ ಅವರಿಗೂ ವಂದನೆ ಹೇಳಿರಿ. ಕರೆ ಬಂದದ್ದು ತಂದೆತಾಯಿಗೆ, ಬೆಲೆ ತೆತ್ತವರಲ್ಲಿ ಅವರೂ ಇದ್ದಾರೆ. ನೀವು 'ಮನೆಗೆ ಹಿಂದಿರುಗುತ್ತೇವೆ' ಎನ್ನುವಾಗ ಅವರು ಮನೆಯನ್ನು ಬಿಟ್ಟು ಹೋಗುತ್ತಿರುತ್ತಾರೆ.

ಉತ್ತರ 2 (ಕಳುಹಿಸುವ ಸಭೆಯೊಂದರ ಸಭಾಪಾಲಕರು)

ಪ್ರಿಯ ಸಹೋದರರೇ, ಪ್ರಾರ್ಥನಾ ಪತ್ರವನ್ನು ಬರೆಯುವ ಕಷ್ಟವನ್ನು ನೀವು ಹೇಳಿದಿರಿ. ಅದನ್ನು ಪಡೆಯುವವರ ಕಡೆಯಿಂದ ಎರಡು ಮಾತು ಹೇಳುತ್ತೇನೆ.

ಅಪೊಸ್ತಲರ ಕೃತ್ಯಗಳು 14ನೆಯ ಅಧ್ಯಾಯದ ಕೊನೆಯಲ್ಲಿ ಪೌಲನೂ ಬಾರ್ನಬನೂ ತಮ್ಮನ್ನು ದೇವರ ಕೃಪೆಗೆ ಒಪ್ಪಿಸಿ ಕಳುಹಿಸಿದ್ದ ಅಂತಿಯೋಕ್ಯಕ್ಕೆ ಹಿಂದಿರುಗಿ, ಸಭೆಯನ್ನು ಕೂಡಿಸಿ, ದೇವರು ತಮ್ಮೊಂದಿಗಿದ್ದು ಮಾಡಿದ ಕಾರ್ಯಗಳನ್ನು ವಿವರಿಸುತ್ತಾರೆ. ಅದೇ ಅಧ್ಯಾಯದಲ್ಲಿ ಲುಸ್ತ್ರ ಎಂಬ ಊರಿನಲ್ಲಿ ವಿರೋಧಿಗಳು ಪೌಲನಿಗೆ ಕಲ್ಲೆಸೆದು, ಸತ್ತನೆಂದು ಊರ ಹೊರಗೆ ಎಳೆದುಹಾಕಿದ ಸಂಗತಿಯೂ ಇದೆ. ಅವನು ವರದಿ ಕೊಡಲು ಎದ್ದುನಿಂತಾಗ ಆ ಗಾಯಗಳ ಗುರುತು ಸಭೆಗೆ ಕಾಣಿಸಿರಲೇಬೇಕು. ನಿಮ್ಮ ಪತ್ರದಲ್ಲಿ ಮುಚ್ಚಿದ ಓದುಶಾಲೆಗೂ ಒಡೆದ ಸಭೆಗೂ ಜಾಗವಿರಲಿ. ವರ್ಷಗಟ್ಟಲೆ ಅವುಗಳಿಗಾಗಿ ಪ್ರಾರ್ಥಿಸಿದವರು ನಮ್ಮಲ್ಲಿದ್ದಾರೆ. ಪತ್ರಗಳಿಂದ ಆ ಹೆಸರು ಸದ್ದಿಲ್ಲದೆ ಮಾಯವಾದರೆ ಅವರಿಗೆ ತಿಳಿಯದೆ ಇರುವುದಿಲ್ಲ.

ಫಲ ಕಡಿಮೆಯೆಂಬ ಕೊರಗಿನ ಬಗ್ಗೆ ಹೇಳುವುದಾದರೆ, ಮಿಷನರಿ ವಿಲಿಯಂ ಕೇರಿ 1793ರಲ್ಲಿ ಬಂಗಾಳಕ್ಕೆ ಬಂದರು, ಅವರು ಕಂಡ ಮೊದಲ ಬಂಗಾಳಿ ವಿಶ್ವಾಸಿ ಕೃಷ್ಣಪಾಲನ ದೀಕ್ಷಾಸ್ನಾನ ನಡೆದದ್ದು 1800ರ ಡಿಸೆಂಬರಿನಲ್ಲಿ. ಅಡೊನೈರಾಂ ಜಡ್ಸನ್ 1813ರಲ್ಲಿ ಬರ್ಮಾ ಮುಟ್ಟಿದರು, ಮೊದಲ ವಿಶ್ವಾಸಿಯನ್ನು ಕಂಡದ್ದು 1819ರಲ್ಲಿ. ಇವರಿಬ್ಬರೂ ನಡುವಿನ ಆ ಆರೇಳು ವರ್ಷಗಳಲ್ಲಿ ಹಿಂದಿರುಗಬೇಕಾಗಿ ಬಂದಿದ್ದರೆ ಯಾವ ಪತ್ರ ಬರೆಯುತ್ತಿದ್ದರು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಎಣಿಕೆಯ ಮೇಲೆ ನಿಂತ ಸ್ತೋತ್ರವಾಗಿದ್ದರೆ ಅವರಿಗೆ ಬರೆಯಲು ಏನೂ ಇರುತ್ತಿರಲಿಲ್ಲ.

ಕಾಣಿಕೆ ಕೊಟ್ಟವರಿಗೆ ವಂದನೆ ಹೇಳುವ ರೀತಿಗೆ ಫಿಲಿಪ್ಪಿಯವರಿಗೆ ಬರೆದ ಪತ್ರದ 4ನೆಯ ಅಧ್ಯಾಯಕ್ಕಿಂತ ಒಳ್ಳೆಯ ಮಾದರಿಯನ್ನು ನಾನು ಕಂಡಿಲ್ಲ. ಅವರು ಎಪಫ್ರೊದೀತನ ಕೈಯಲ್ಲಿ ಕಳುಹಿಸಿದ್ದು ಮುಟ್ಟಿತೆಂದು ಪೌಲನು ಸ್ಪಷ್ಟವಾಗಿ ತಿಳಿಸುತ್ತಾನೆ, ಥೆಸಲೊನೀಕದಲ್ಲಿದ್ದಾಗಲೂ ಒಂದೆರಡು ಸಲ ಕಳುಹಿಸಿದ್ದನ್ನು ನೆನೆಯುತ್ತಾನೆ. ಹಾಗಿದ್ದರೂ ಆ ಭಾಗದಲ್ಲಿ 'ನಿಮಗೆ ಉಪಕಾರ' ಎಂಬ ಮಾತು ಬರುವುದೇ ಇಲ್ಲ. ಉಪಕಾರಸ್ತುತಿಯನ್ನು ಪತ್ರದ ಆರಂಭದಲ್ಲೇ ದೇವರಿಗೆ ಸಲ್ಲಿಸಿಬಿಟ್ಟಿದ್ದಾನೆ, ಫಿಲಿಪ್ಪಿಯವರನ್ನಾದರೋ ಕೊಡುಕೊಳ್ಳುವ ಪಾಲುಗಾರರೆಂದು ಕರೆಯುತ್ತಾನೆ. ಪಾಲುಗಾರರು ಎಂಬ ಆ ಮಾತನ್ನು ನೀವೂ ನಂಬಿ ಬರೆಯಿರಿ, ಆಗ ಪತ್ರಕ್ಕೆ ಸಾಧನೆಯ ಪಟ್ಟಿಯ ಧ್ವನಿ ಬರುವುದಿಲ್ಲ. ಪಾಲುಗಾರನಿಗೆ ಲೆಕ್ಕ ಒಪ್ಪಿಸುವವನು ಲಾಭವನ್ನೂ ನಷ್ಟವನ್ನೂ ಒಟ್ಟಿಗೇ ಒಪ್ಪಿಸುತ್ತಾನೆ.

ಕಾಣಿಕೆಯನ್ನು ಯಾವ ತಿಂಗಳಿನಿಂದ ನಿಲ್ಲಿಸಬಹುದು, ಉಳಿದ ಹಣ ಯಾವ ಕೆಲಸಕ್ಕೆ ಹೋಗುತ್ತದೆ ಎಂಬುದನ್ನು ಕಾಣಿಕೆದಾರರಿಗೆ ಖಚಿತವಾಗಿ ತಿಳಿಸಿರಿ; ಸಂಕೋಚದಿಂದ ಅನೇಕರು ಇದನ್ನು ಬರೆಯದೆ ಬಿಡುತ್ತಾರೆ. ನಿಮಗಾಗಿ ಪ್ರಾರ್ಥಿಸಿ ಈಗಾಗಲೇ ಕರ್ತನ ಬಳಿಗೆ ಹೋದವರ ಮನೆಯವರಿಗೂ ಎರಡು ಸಾಲು ಬರೆಯಿರಿ. ನಮ್ಮ ಸಭೆಯ ಒಬ್ಬ ತಾಯಿಯವರು ತೀರಿಕೊಂಡ ಮೇಲೆ ಅವರ ಸತ್ಯವೇದದೊಳಗೆ ಒಬ್ಬ ಮಿಷನರಿಯ ಪತ್ರಗಳು ವರ್ಷದ ಕ್ರಮದಲ್ಲಿ ಮಡಚಿಟ್ಟದ್ದು ಸಿಕ್ಕಿತು, ಅಂಚುಗಳಲ್ಲಿ ಪ್ರಾರ್ಥಿಸಿದ ದಿನಾಂಕಗಳಿದ್ದವು. ಅದನ್ನು ಅವರ ಮಗ ನನಗೆ ತೋರಿಸಿದಾಗ ಆ ಮಿಷನರಿಗೆ ತಿಳಿಸೋಣವೆಂದರೆ ಅವರೂ ತೀರಿಕೊಂಡಿದ್ದರು.

ಉತ್ತರ 3 (ಮಿಷನರಿಗಳಿಂದ ಆರಂಭವಾದ ಸಭೆಯೊಂದರ ಹಿರಿಯರು)

ಅಯ್ಯನವರೇ, ಮೇಲಿನ ಇಬ್ಬರೂ ಹೋದವರ ಮತ್ತು ಕಳುಹಿಸಿದವರ ಕಡೆಯಿಂದ ಬರೆದಿದ್ದಾರೆ. ನಾನು ಬರಮಾಡಿಕೊಂಡವರ ಮನೆಯವನು. ನಮ್ಮ ಸಭೆಗೆ ಸುವಾರ್ತೆಯನ್ನು ತಂದವರು ಹೊರದೇಶದವರು; ಅವರು ಬಿಟ್ಟುಹೋದ ರೀತಿಯ ನೆನಪು ಅವರು ಬಂದ ರೀತಿಯಷ್ಟೇ ಆಳವಾಗಿ ನಮ್ಮಲ್ಲಿ ಉಳಿದಿದೆ.

ನೀವು ನಮಗೆ ಸಲ್ಲಿಸಬಹುದಾದ ಅತ್ಯಂತ ದೊಡ್ಡ ವಂದನೆಯೆಂದರೆ ಕೆಲಸವನ್ನು ಪೂರ್ಣವಾಗಿ ನಮ್ಮ ಕೈಗೆ ಕೊಟ್ಟುಹೋಗುವುದು. 19ನೆಯ ಶತಮಾನದಲ್ಲೇ ಚರ್ಚ್ ಮಿಷನರಿ ಸೊಸೈಟಿಯ ಕಾರ್ಯದರ್ಶಿಯಾಗಿದ್ದ ಹೆನ್ರಿ ವೆನ್ ಅವರೂ ಅಮೆರಿಕನ್ ಬೋರ್ಡ್ ಎಂಬ ಮಿಷನ್ ಸಂಸ್ಥೆಯ ರೂಫಸ್ ಆಂಡರ್ಸನ್ ಅವರೂ ಸ್ಥಳೀಯ ಸಭೆ ತನ್ನನ್ನು ತಾನೇ ಆಳಿಕೊಳ್ಳಬೇಕು, ಪೋಷಿಸಿಕೊಳ್ಳಬೇಕು, ತಾನೇ ಸುವಾರ್ತೆಯನ್ನು ಹಬ್ಬಿಸಬೇಕು, ಆಗ ಮಿಷನ್ ಅಲ್ಲಿಂದ ಮುಂದಕ್ಕೆ ಹೋಗಬೇಕು ಎಂದು ಹೇಳಿದ್ದರು. ಹೇಳಿದಷ್ಟು ಸುಲಭವಾಗಿ ಅದು ನಡೆಯಲಿಲ್ಲ. ಬೀಳ್ಕೊಡುಗೆಯ ಹಾರ ಬಿದ್ದ ಮೇಲೂ ಬ್ಯಾಂಕಿನ ಖಾತೆಗೆ ಹೊರಟವರದೇ ಸಹಿ, ಕಟ್ಟಡದ ಪತ್ರ ಅವರದೇ ಪೆಟ್ಟಿಗೆಯಲ್ಲಿ, ಪ್ರತಿಯೊಂದು ತೀರ್ಮಾನಕ್ಕೂ ಅವರಿಗೇ ಪತ್ರ. ಆಗ ವಂದನೆಯ ಭಾಷಣ ಎಷ್ಟು ಚೆನ್ನಾಗಿದ್ದರೂ ನಮ್ಮನ್ನು ನಂಬಲಿಲ್ಲವೆಂಬ ಕೊರಗು ಉಳಿಯುತ್ತದೆ.

ನಮ್ಮಲ್ಲಿ ಕೊನೆಯವರಾಗಿ ಇದ್ದ ಮಿಷನರಿಯವರು ಹಾಗೆ ಮಾಡಲಿಲ್ಲ. ಹೊರಡುವ ನಾಲ್ಕು ತಿಂಗಳ ಮೊದಲು ಬೀಗದ ಕೈಗಳ ಗೊಂಚಲನ್ನೂ ದೀಕ್ಷಾಸ್ನಾನದ ದಾಖಲೆ ಪುಸ್ತಕವನ್ನೂ ನಮ್ಮ ಹಿರಿಯರ ಕೈಗೆ ಕೊಟ್ಟರು. ಉಳಿದ ಭಾನುವಾರಗಳಲ್ಲಿ ಅವರು ಕೊನೆಯ ಬೆಂಚಿನಲ್ಲಿ ಕುಳಿತು, ನಮ್ಮವರು ತಡವರಿಸುತ್ತಾ ಮಾಡಿದ ಪ್ರಸಂಗವನ್ನು ಕೇಳಿದರು. ಯಾರಾದರೂ ಬಂದು ಏನಾದರೂ ಕೇಳಿದರೆ 'ಹಿರಿಯರನ್ನು ಕೇಳಿರಿ' ಎನ್ನುತ್ತಿದ್ದರು. ನಾನಾಗ ಹುಡುಗ. ಅವರ ಪ್ರಸಂಗಗಳಲ್ಲಿ ಒಂದೂ ನನಗೆ ನೆನಪಿಲ್ಲ, ಆ ಕೊನೆಯ ಬೆಂಚು ಮಾತ್ರ ನೆನಪಿದೆ.

ಅವರು ಹೊರಡುವ ಮುಂಚೆ 1 ಸಮುವೇಲನು 12ನೆಯ ಅಧ್ಯಾಯವನ್ನು ಓದಿ, ತಾನು ಯಾರ ಎತ್ತನ್ನು ತೆಗೆದುಕೊಂಡೆ, ಯಾರನ್ನು ವಂಚಿಸಿದೆ, ಹೇಳಿದರೆ ಹಿಂದಕ್ಕೆ ಕೊಡುತ್ತೇನೆ ಎಂದು ಸಮುವೇಲನು ಜನರನ್ನು ಕೇಳಿದಂತೆ, ತನ್ನಿಂದ ನೊಂದವರು ಬಂದು ತಿಳಿಸಬೇಕೆಂದು ಕೇಳಿಕೊಂಡರು. ಇಬ್ಬರು ನಿಜವಾಗಿಯೂ ಹೋದರು. ಒಳಗೆ ಏನು ಮಾತಾಯಿತೋ ಅವರಿಗೇ ಗೊತ್ತು.

ನಿಮಗೆ ಭಾಷೆ ಕಲಿಸಿದ ಹಿರಿಯರ ವಿಷಯ ಓದಿ ನನಗೆ ಬಹಳ ಸಂತೋಷವಾಯಿತು, ಏಕೆಂದರೆ ಇಂಥವರ ಹೆಸರೇ ಮೊದಲು ಅಳಿಯುತ್ತದೆ. ಬಾಸೆಲ್ ಮಿಷನ್ನಿನ ಫರ್ಡಿನಾಂಡ್ ಕಿಟ್ಟೆಲ್ ಅವರು 1853ರಲ್ಲಿ ಬಂದು, 1894ರಲ್ಲಿ ಪ್ರಕಟವಾದ ನಿಘಂಟನ್ನು ನಮಗೆ ಕೊಟ್ಟರು. ಕನ್ನಡಿಗರು ಇಂದಿಗೂ ಅವರನ್ನು ಬಾಯಿತುಂಬ ನೆನೆಯುತ್ತೇವೆ. ಅವರ ಪ್ರಶ್ನೆಗಳಿಗೆ ಪದದ ಅರ್ಥ ಬಿಡಿಸಿ ಹೇಳಿದ ಪಂಡಿತರ ಹೆಸರನ್ನು ನಮ್ಮಲ್ಲಿ ಎಷ್ಟು ಜನ ಹೇಳಬಲ್ಲೆವು? ನಿಮ್ಮ ಅನುವಾದದ ಮುಂದಿನ ಮುದ್ರಣಕ್ಕೆ ಮುನ್ನುಡಿ ಇದ್ದರೆ, ಮನೆಯವರು ಒಪ್ಪಿದರೆ, ಆ ಹಿರಿಯರ ಹೆಸರು ಅಲ್ಲಿರಲಿ. ಸತ್ತವರ ಋಣವನ್ನು ಅವರ ಮಕ್ಕಳ ಮುಂದೆ ಒಪ್ಪಿಕೊಳ್ಳಬಹುದು; ಅದಕ್ಕಿಂತ ಹೆಚ್ಚಿನದು ನನಗೆ ತೋರುವುದಿಲ್ಲ.

ಆಮೇಲೆ, ಜನ ನಿಮಗೆ ವಂದನೆ ಹೇಳಲು ಬಂದಾಗ 'ಎಲ್ಲವೂ ದೇವರದು' ಎಂದು ತಟ್ಟನೆ ಬಾಯಿ ಮುಚ್ಚಿಸಬೇಡಿರಿ. ಅದು ಸತ್ಯವೇ, ಆದರೆ ಅವರು ಹೇಳಿ ಮುಗಿಸಲಿ. ಮಿಲೇತದಲ್ಲಿ ಎಫೆಸದ ಹಿರಿಯರು ಪೌಲನ ಕೊರಳನ್ನು ತಬ್ಬಿ ಅತ್ತಾಗ ಅವನು ಅವರನ್ನು ತಡೆಯಲಿಲ್ಲ, ಹಡಗಿನವರೆಗೂ ಬರಲು ಬಿಟ್ಟನು.

ಉತ್ತರ 4 (ಒಮ್ಮೆಲೇ ಹೊರಡಬೇಕಾದವರು)

ನನಗೆ ಮೂರು ತಿಂಗಳು ಸಿಗಲಿಲ್ಲ. ವೀಸಾ ನವೀಕರಣವಾಗದೆ, ಒಂಬತ್ತು ದಿನಗಳಲ್ಲಿ ದೇಶ ಬಿಡಬೇಕಾಯಿತು. ಬಾಗಿಲು ಹಾಕಿಕೊಂಡು ಬಂದಂತೆ ಬಂದೆ. ಆದ್ದರಿಂದ ಸಮಯವಿರುವ ನೀವು ಅದನ್ನು ಪೆಟ್ಟಿಗೆ ಕಟ್ಟುವುದರಲ್ಲೇ ಕಳೆಯಬೇಡಿರಿ ಎಂದು ಬೇಡಿಕೊಳ್ಳುತ್ತೇನೆ.

ಒಂದು ಎಚ್ಚರಿಕೆಯನ್ನೂ ಸೇರಿಸಬೇಕಾಗಿದೆ. ಹೆಸರು ಹಿಡಿದು ವಂದನೆ ಹೇಳಿರಿ ಎಂದು ಮೇಲೆ ಬರೆದದ್ದು ಮುಖಾಮುಖಿ ಹೇಳುವಾಗ ಸರಿ. ಬಹುಜನರಿಗೆ ಹೋಗುವ ಪತ್ರದಲ್ಲಿ ಹೆಸರು, ಊರು, ಚಿತ್ರ ಹಾಕುವ ಮೊದಲು ಆಯಾ ವ್ಯಕ್ತಿಯನ್ನು ಕೇಳಿರಿ. ನಮ್ಮ ವಂದನೆಯೇ ಅವರಿಗೆ ಅಪಾಯವಾಗುವ ಸ್ಥಳಗಳಿವೆ. 1865ರಲ್ಲಿ ಹಡ್ಸನ್ ಟೇಲರ್ ಸ್ಥಾಪಿಸಿದ ಚೈನಾ ಇನ್‌ಲ್ಯಾಂಡ್ ಮಿಷನ್ನಿನ ಕೊನೆಯ ಸೇವಕರು 1953ರಲ್ಲಿ ಚೀನಾವನ್ನು ಬಿಟ್ಟರು. ಹೊರದೇಶದವರ ಸಂಪರ್ಕವೇ ಅಲ್ಲಿಯ ವಿಶ್ವಾಸಿಗಳ ಮೇಲೆ ಅಪವಾದಕ್ಕೆ ಕಾರಣವಾಗುತ್ತಿದ್ದ ಆ ಕಾಲದಲ್ಲಿ, ದಶಕಗಳ ಒಡನಾಟಕ್ಕೆ ಒಂದು ಪತ್ರವನ್ನೂ ಬರೆಯದೆ ಮೌನವಾಗಿರುವುದೇ ಅವರಿಗೆ ಮಾಡಬಹುದಾದ ಉಪಕಾರವಾಗಿತ್ತು. ಎಲ್ಲವೂ ಮುಗಿಯಿತೆಂದು ಹೊರಟವರಲ್ಲಿ ಬದುಕುಳಿದವರು ಮುಂದಿನ ದಶಕಗಳಲ್ಲಿ ಚೀನಾದ ಸಭೆ ಬೆಳೆದ ಸುದ್ದಿಯನ್ನು ಕೇಳಿದರು.

ನಾನು ಈಗಲೂ ಪ್ರತಿ ಮುಂಜಾನೆ ಅಲ್ಲಿಯವರ ಹೆಸರುಗಳನ್ನು ಬಾಯಿಬಿಟ್ಟು ಹೇಳುತ್ತೇನೆ. ಕಾಗದದ ಮೇಲೆ ಮಾತ್ರ ಬರೆಯುವುದಿಲ್ಲ.

ಪ್ರಶ್ನೆ ಕೇಳಿದವರು

ನಾಲ್ವರಿಗೂ ನನ್ನ ಹೃತ್ಪೂರ್ವಕ ವಂದನೆಗಳು. ಸಹೋದರಿಯವರು ಹೇಳಿದ, ಎರಡನೆಯ ಸಾಲಿನಲ್ಲಿ ಕುಳಿತಿದ್ದ ಅಕ್ಕನ ಸಂಗತಿಯನ್ನು ಓದಿ ನನ್ನ ಹೆಂಡತಿ ಬಹಳ ಹೊತ್ತು ಸುಮ್ಮನಿದ್ದಳು, ಆಮೇಲೆ ಕಾಗದ ತೆಗೆದುಕೊಂಡು ಹೆಸರುಗಳನ್ನು ಬರೆಯತೊಡಗಿದಳು. ಈಗ 63 ಆಗಿವೆ. ದಿನಕ್ಕೆ ಒಂದು ಮನೆಯಂತೆ ಹೋದರೂ ಸಮಯ ಸಾಕು. ಅನುವಾದದ ಕಚೇರಿಯ ಬೀಗದ ಕೈಯನ್ನೂ ಖಾತೆಯ ಸಹಿಯನ್ನೂ ನಾಳಿದ್ದಿನ ಕೂಟದಲ್ಲಿ ಹಿರಿಯರಿಗೆ ಒಪ್ಪಿಸಲು ಮಾತಾಡಿದ್ದೇವೆ.

ದೂರವಾದ ಸಹೋದರರಿಗೆ ಈ ದಿನ ಬೆಳಿಗ್ಗೆ ಪತ್ರ ಬರೆದೆ. ಅರ್ಧ ಪುಟದ್ದು. ಇಲ್ಲಿಯ ಭಾಷೆಯಲ್ಲೇ ಬರೆದೆ, ಏಕೆಂದರೆ ಅವರೂ ಅದನ್ನು ಅದೇ ಹಿರಿಯರ ಬಳಿ ಕಲಿತವರು. ಪ್ರಾರ್ಥನಾ ಪತ್ರವನ್ನು ಅದಾದ ಮೇಲೆಯೇ ಮತ್ತೆ ಕೈಗೆತ್ತಿಕೊಂಡೆ, ಓದುಶಾಲೆಯಿಂದಲೇ ಆರಂಭಿಸಿದ್ದೇನೆ.

ಹಿರಿಯರ ಮಗಳು ಇದೇ ಊರಿನಲ್ಲಿದ್ದಾರೆ, ನಮ್ಮ ಪಾಠಪುಸ್ತಕದಿಂದಲೇ ಓದು ಕಲಿತವರು. ನೋಟ್‌ಬುಕ್ಕನ್ನು ನಮ್ಮೊಡನೆ ಒಯ್ಯುವುದಿಲ್ಲ. ಸಂಜೆ ಅದನ್ನು ಅವರಿಗೆ ಕೊಟ್ಟು, ಆ ಪುಟವನ್ನು ತೆರೆದು ಹದಿಮೂರು ಗೆರೆಗಳು ಏಕೆಂದು ಹೇಳಬೇಕೆಂದಿದ್ದೇನೆ. ಹದಿನಾಲ್ಕನೆಯ ಸಾಲನ್ನು ಅವರೇ ಓದಲಿ.